ಹದಿನಾರು ಬಣ್ಣದ ಮೊಮ್ಮಗ

ಚಾಮರಾಜಪೇಟೆ, ಬೆಂಗಳೂರು
೧೪ ಸೆಪ್ಟೆಂಬರ್ ೨೦೦೩

ಮಗಳು ದೀಪ್ತಿಗೆ, ನಿನ್ನ ಮಾವ ಪಂಚಾಕ್ಷರಯ್ಯ ಮಾಡುವ ಆಶೀರ್ವಾದಗಳು.

ಬೆನ್ನುನೋವು ಹೇಗಿದೆ? ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀಯಾ? ತಣ್ಣೀರಿಗೆ ಕೈ ಹಾಕಬೇಡ ಎಂದು ನಿನ್ನ ಅತ್ತೆ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ನಾವು ಕಳಿಸಿದ ಅಂಟಿನುಂಡೆ ನಿಮ್ಮಪ್ಪ ತಿಂದಿರದಿದ್ದರೆ ಇನ್ನೂ ಇರಬೇಕು.

ನಿಮ್ಮಪ್ಪ ದೇವಯ್ಯನವರ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನಿನ್ನ ಅತ್ತೆ ಹೇಳುತ್ತಾಳೆ. ಇರದೆ ಏನಮ್ಮ? ಹೆಸರಿಡುವವರೆಗೆ ತಂದೆಯ ಕಡೆಯ ಅಜ್ಜ ಮಗುವಿನ ಮುಖ ನೋಡಬಾರದೆಂಬುದು ನಮ್ಮ ಮನೆಯ ವಾಡಿಕೆ. ಮೈಸೂರಿನಲ್ಲಿ ಅವರು ದಿನವೂ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾರೆ, ನಾನಿಲ್ಲಿ ಗೋಡೆ ನೋಡಿಕೊಂಡು ಕೂತಿದ್ದೇನೆ. ಆದರೆ ವಾಡಿಕೆ ಮಾಡಿದ ಹಿರಿಯರಿಗೆ ಇಮೇಲ್ ಗೊತ್ತಿರಲಿಲ್ಲವಲ್ಲ! ನಿಮ್ಮಪ್ಪ ಇಮೇಲಿನಲ್ಲಿ ಕಳಿಸಿದ ಫೋಟೋವನ್ನು ನಮ್ಮ ಕಂಪ್ಯೂಟರಿನಲ್ಲಿ ತೆರೆದೆ. ಮೊಮ್ಮಗ ಪಾಚಿ ಹಿಡಿದ ಕಲ್ಲಿನ ಹಾಗೆ ಹಸಿರುಹಸಿರಾಗಿ, ಚೌಕಚೌಕವಾಗಿ ಕಂಡ.

ತಪ್ಪು ನನ್ನದೇ. ಪರದೆಗೆ ಚಿತ್ರ ಒದಗಿಸುವ ಗ್ರಾಫಿಕ್ಸ್ ಕಾರ್ಡನ್ನು ಸೆಕೆಂಡ್‌ಹ್ಯಾಂಡ್ ತಂದೆ. "ಬೇಡಪ್ಪಾ, ಹಳೇ ಕಾರ್ಡು" ಎಂದು ನಿನ್ನ ಗಂಡ ಅಮರ್ ಬಡಕೊಂಡ, ಕೇಳಲಿಲ್ಲ. ರಿಪೇರಿಯವನು ಬಂದು ನೋಡಿ, "ಸಾರ್, ಇದನ್ನ ಮಾಡಿದ ಕಂಪನಿನೇ ಮುಚ್ಚೋಗಿದೆ. ಹೊಸ ವಿಂಡೋಸ್‌ನಲ್ಲಿ ಇದನ್ನ ಓಡಿಸೋ ಡ್ರೈವರ್ ಸಾಫ್ಟ್‌ವೇರ್ ಎಲ್ಲೂ ಸಿಗಲ್ಲ. ಇರೋ ಹದಿನಾರು ಬಣ್ಣದಲ್ಲೇ ಅಡ್ಜಸ್ಟ್ ಮಾಡ್ಕೊಳಿ" ಎಂದು ಹೊರಟುಹೋದ. ಮಗ ತರಬೇತಿಗೆಂದು ಪುಣೆಯಲ್ಲಿದ್ದಾನೆ. ಅವನಿಗೆ ಹೇಳಲು ನಾಚಿಕೆ. ನಿಮ್ಮಪ್ಪ ಫೋನಿನಲ್ಲಿ "ಹೇಗೆ ಕಾಣ್ತಾನೆ ಬೀಗರೇ?" ಎಂದರೆ, "ಕನ್ನಡಿ ಥರ ಸ್ಪಷ್ಟ!" ಎಂದುಬಿಟ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆ ಹಸಿರಿನಲ್ಲಿ ಬಲಗೆನ್ನೆಯ ಮೇಲೊಂದು ಕಪ್ಪು ಚೌಕ ಕಂಡಿತು. ನಮ್ಮಪ್ಪ ಪುಟ್ಟಯ್ಯನವರಿಗೆ ಅಲ್ಲೇ ಮಚ್ಚೆ ಇತ್ತಮ್ಮ! ಬೀದಿಗೆಲ್ಲ ಸಾರಿದೆ. ತಡೆಯಲಾರದೆ ನಿಮ್ಮಪ್ಪನಿಗೂ ಫೋನು ಮಾಡಿ, ಮಚ್ಚೆ ನಮ್ಮ ಮನೆಯದು, ಆದ್ದರಿಂದ ಹೆಸರೂ ನಮ್ಮ ಮನೆಯದೇ, ಪುಟ್ಟಯ್ಯ ಎಂದೇ ಇಡಬೇಕು ಎಂದು ಹಟ ಹಿಡಿದೆ. ಅವರು "ಆಯ್ತು ಬೀಗರೇ, ನಿಮ್ಮ ಮಚ್ಚೆ, ನಿಮ್ಮ ಹೆಸರು" ಎಂದರು. ಗೆದ್ದೆನೆಂದು ಆ ದಿನ ಎರಡು ಹೋಳಿಗೆ ಹೆಚ್ಚು ತಿಂದೆ.

ನಿನ್ನೆ ಬೀದಿಯವರಿಗೆ ತೋರಿಸಲು ಫೋಟೋ ಪ್ರಿಂಟ್ ಹಾಕಿಸೋಣವೆಂದು ಗಾಂಧಿ ಬಜಾರಿನ ಸೈಬರ್ ಸೆಂಟರಿಗೆ ಹೋದೆ. ಅಲ್ಲಿಯ ಪರದೆಯಲ್ಲಿ ಮಗು ಮೊದಲ ಸಲ ಮಗುವಿನ ಹಾಗೆ ಕಂಡಿತು. ಕಣ್ಣು ತುಂಬಿತು. ಆಮೇಲೆ ಮಚ್ಚೆ ನೋಡಿದೆ. ಅಂಚು ಹರಡಿಕೊಂಡಿತ್ತು. ಅಂಗಡಿಯ ಹುಡುಗಿ ನಕ್ಕು, "ಅಂಕಲ್, ಅದು ದೃಷ್ಟಿಬೊಟ್ಟು. ಯಾರೋ ಹೆಬ್ಬೆರಳಲ್ಲಿ ಒತ್ತಿದಾರೆ ನೋಡಿ" ಎಂದಳು. ಅಷ್ಟು ದಪ್ಪ ಹೆಬ್ಬೆರಳು ನಿಮ್ಮ ಮನೆಯಲ್ಲಿ ಯಾರದೆಂದು ನನಗೆ ಗೊತ್ತು. ತಾವೇ ಇಟ್ಟ ಕಾಡಿಗೆಯನ್ನು ನಾನು ಮಚ್ಚೆ ಎಂದಾಗ ನಿಮ್ಮಪ್ಪ ನಗಲಿಲ್ಲ, ಹೆಸರು ಬಿಟ್ಟುಕೊಟ್ಟರು. ದೊಡ್ಡ ಮನಸ್ಸಿನಲ್ಲೂ ನನಗಿಂತ ಮುಂದೆ ಹೋದರಲ್ಲ ಎಂದು ಈಗ ಇನ್ನೊಂದು ಹೊಟ್ಟೆಕಿಚ್ಚು.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು.

ಇಂತು ನಿನ್ನ ಮಾವ,
ಪಂಚಾಕ್ಷರಯ್ಯ

ಮರೆತಿದ್ದೆ: ಹೆಸರು ನಿಮ್ಮಪ್ಪನಿಗೆ ಇಷ್ಟವಾದದ್ದನ್ನೇ ಇಡಿ, ಪುಟ್ಟಯ್ಯ ಬೇಡ. ಆದರೆ ಹೆಸರಿಡುವ ದಿನ ನಾನು ಬರುವವರೆಗೆ ಮಗುವಿನ ಬಲಗೆನ್ನೆ ಖಾಲಿ ಇರಲಿ. ನಿನ್ನ ಅತ್ತೆ ಕಾಡಿಗೆ ಮಾಡಿ ಬೆಳ್ಳಿ ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ. ಬೊಟ್ಟು ನಾನಿಡುತ್ತೇನೆ, ಆಗ ಮಗುವನ್ನು ನಿಮ್ಮಪ್ಪನೇ ಹಿಡಿದುಕೊಳ್ಳಲಿ.