ನಾನು ಮುಚ್ಚದ ಬಾಗಿಲಿಗೆ ಸಿಕ್ಕಿದ ಬೆರಳುಗಳು

ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ನನಗೆ ಮದುವೆಯಾಗಿದೆ, ಅದೂ ನಿಮ್ಮ ಬಿಸ್ಕತ್ತು ಕಾರ್ಖಾನೆಯ ಹಿಟ್ಟಿನ ವಿಭಾಗದಲ್ಲಿ ದುಡಿಯುವ, ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುವ ಒಬ್ಬ ಒಳ್ಳೆಯ ಮನುಷ್ಯನ ಜೊತೆ. ಈ ಸಂತೋಷವನ್ನು ಎಲ್ಲರಿಗಿಂತ ಮೊದಲು ನಿಮಗೇ ಹೇಳಬೇಕಿತ್ತು, ಯಾಕೆಂದರೆ ನಮ್ಮ ಮಧುಚಂದ್ರದ ಖರ್ಚು ನಿಮ್ಮದು. ಜೊತೆಗೆ ನನ್ನ ದೂರನ್ನೂ ಹೇಳಿಬಿಡುತ್ತೇನೆ. ನಿಮ್ಮ ಕಾರ್ಖಾನೆಯಲ್ಲಿ ನನ್ನ ಗಂಡನ ಬಲಗೈಯ ಎರಡು ಬೆರಳುಗಳು ಜಜ್ಜಿಹೋಗಿವೆ, ಮತ್ತು ಅವನ್ನು ಜಜ್ಜಿದವಳು ನಾನು ಎಂದು ನಿಮ್ಮಲ್ಲಿ ಎಲ್ಲರೂ ಒಪ್ಪಿಕೊಂಡಿದ್ದಾರೆ.

ಇದು ಬಹಿರಂಗ ಪತ್ರವಾದ್ದರಿಂದ, ನಿಮ್ಮ ಪ್ರೋತ್ಸಾಹ ಯೋಜನೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಈ ಕಾರ್ಖಾನೆಯ ಪ್ರತಿ ವಿಭಾಗದ ಮುಂದೆ ಒಂದು ಹಸಿರು ಬಾವುಟವಿದೆ. ಯಾರಿಗೂ ಪೆಟ್ಟಾಗದಿದ್ದರೆ ಬಾವುಟ ಉಳಿಯುತ್ತದೆ, ಬಾವುಟ ಉಳಿದರೆ ಬಹುಮಾನ. ಒಬ್ಬರಿಗೆ ಪೆಟ್ಟಾಯಿತೆಂದು ವರದಿಯಾದರೆ ಸಾಕು, ಬಾವುಟ ಇಳಿಯುತ್ತದೆ, ಇಡೀ ವಿಭಾಗದ ಬಹುಮಾನ ಹೋಗುತ್ತದೆ. ಎಷ್ಟು ಸರಳ, ಎಷ್ಟು ಸೊಗಸು. ಕಳೆದ ಸಲ ಹಿಟ್ಟಿನ ವಿಭಾಗಕ್ಕೆ ಕೆರೆದಂಡೆಯ ಹೋಟೆಲಿನಲ್ಲಿ ಒಂದು ಕೋಣೆ ಬಂತು. ಜೊತೆಯವರೆಲ್ಲ ಸೇರಿ ಅದನ್ನು ನಮಗೆ ಮದುವೆಯ ಉಡುಗೊರೆಯಾಗಿ ಬಿಟ್ಟುಕೊಟ್ಟರು. ಕಿಟಕಿ ತೆರೆದರೆ ನೀರು, ಮಂಚದ ಮೇಲೆ ಟವೆಲ್ಲಿನಲ್ಲಿ ಮಾಡಿದ ಹಂಸ. ಅದನ್ನು ಬಿಚ್ಚಲು ಮನಸ್ಸು ಬಾರದೆ ನಾವಿಬ್ಬರೂ ನನ್ನ ದುಪಟ್ಟಾದಲ್ಲೇ ಮುಖ ಒರೆಸಿಕೊಂಡೆವು. ನಿಮ್ಮನ್ನು ಬಾಯಿತುಂಬ ಹೊಗಳಿದೆವು, ಗೊತ್ತೇ?

ಆಮೇಲೆ ನನ್ನ ಗಂಡ ಕೆಲಸಕ್ಕೆ ಮರಳಿದರು. ನಾನು ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು, ಶಾಲೆಯ ಕೆಲಸ ಬಿಡುವ ಮುನ್ನ ಮಕ್ಕಳ ಪರೀಕ್ಷೆ ಮುಗಿಸಿಕೊಡಬೇಕಿತ್ತು, ಅದಕ್ಕೇ ಅಮ್ಮನ ಮನೆಯಲ್ಲೇ ಉಳಿದೆ. ಒಂದು ಸಂಜೆ ಅವರ ಮೇಲ್ವಿಚಾರಕರ ಹೆಂಡತಿ ಫೋನ್ ಮಾಡಿದರು. ನಿಮ್ಮ ಕಾರ್ಖಾನೆಯ ವಸತಿಗೃಹಗಳಲ್ಲಿ ಎಲ್ಲರಿಗೂ ಅವರು ಅಕ್ಕ.

"ನಿನ್ನ ಗಂಡನಿಗೆ ಬೆರಳಿಗೆ ಸ್ವಲ್ಪ ಪೆಟ್ಟಾಗಿದೆ ಕಣಮ್ಮ, ಗಾಬರಿಯಾಗ್ಬೇಡ. ಯಾರಾದ್ರೂ ಕೇಳಿದ್ರೆ, ನೀನು ಬಾಗಿಲು ಹಾಕೋವಾಗ ಸಿಕ್ಕಾಕೊಳ್ತು ಅಂತ ಹೇಳ್ಬಿಡು."

"ಯಾವ ಬಾಗಿಲು ಅಕ್ಕ? ನಾನು ಆ ಮನೇನೇ ಇನ್ನೂ ನೋಡಿಲ್ಲ."

"ಯಾವುದೋ ಒಂದು ಬಾಗಿಲು. ಮನೆ ಅಂದ್ಮೇಲೆ ಬಾಗಿಲಿರಲ್ವಾ? ನಾವೆಲ್ಲ ಹೇಳಿದ್ದೀವಮ್ಮ. ನಾನು ನಮ್ಮ ಯಜಮಾನ್ರ ಮೇಲೆ ಒಂದ್ಸಲ ಕುದಿಯೋ ನೀರು ಚೆಲ್ಲಿದ್ದೀನಿ, ಇನ್ನೊಂದ್ಸಲ ಏಣಿ ಸರಿಯಾಗಿ ಹಿಡ್ಕೊಂಡಿರ್ಲಿಲ್ಲ. ಎದುರುಮನೆಯವಳು ಗಂಡನ ಕಾಲ ಮೇಲೆ ಹೊಲಿಗೆ ಮಷೀನ್ ಬೀಳಿಸಿದಾಳೆ. ಪಾಪ, ಅವಳ ಮನೇಲಿ ಹೊಲಿಗೆ ಮಷೀನೇ ಇಲ್ಲ. ಈ ಸಲ ನಿನ್ನ ಸರದಿ, ಅಷ್ಟೇ."

ಅಕ್ಕ ನಕ್ಕರು. ನಾನೂ ನಕ್ಕೆ.

ನಿಮಗೆ ಅಭಿನಂದನೆ ಹೇಳಲೇಬೇಕು. ನಿಮ್ಮ ಕಾರ್ಖಾನೆಯಷ್ಟು ಸುರಕ್ಷಿತವಾದ ಜಾಗ ಇನ್ನೊಂದಿಲ್ಲ. ಅಲ್ಲಿ ಕುಲುಮೆಯಂಥ ಒಲೆಗಳಿವೆ, ಯಾರೂ ಸುಟ್ಟುಕೊಳ್ಳುವುದಿಲ್ಲ. ಉರುಳುವ ಉಕ್ಕಿನ ದಿಂಡುಗಳಿವೆ, ಯಾರ ಚರ್ಮವೂ ತರಚುವುದಿಲ್ಲ. ಅಪಾಯವೆಲ್ಲ ಗೇಟಿನ ಆಚೆಗಿದೆ, ಹೆಂಡತಿಯರ ಕೈಯಲ್ಲಿದೆ. ಇಷ್ಟು ಕೈತಪ್ಪು ಮಾಡುವ ಹೆಂಗಸರೆಲ್ಲ ಒಂದೇ ಬೀದಿಗೆ ಹೇಗೆ ಬಂದು ಸೇರಿದರು ಎಂದು ನಿಮಗೆ ಒಮ್ಮೆಯೂ ಸೋಜಿಗವಾಗಲಿಲ್ಲವೇ? ಅಥವಾ ಸೋಜಿಗಪಡದೆ ಇರುವುದಕ್ಕೆ ನಿಮಗೂ ಮೇಲಿನವರು ಏನಾದರೂ ಬಹುಮಾನ ಇಟ್ಟಿದ್ದಾರೆಯೇ?

ಗಂಡನಿಗೆ ಫೋನ್ ಮಾಡಿದೆ. ಮೊದಲು ಏನೂ ಇಲ್ಲ ಅಂದರು. ಆಮೇಲೆ ಒಂದೊಂದಾಗಿ ಹೊರಬಂತು. ಹಿಟ್ಟನ್ನು ತೆಳ್ಳಗೆ ಒತ್ತುವ ಯಂತ್ರವೊಂದಿದೆಯಂತೆ. ಕೆಂಪು ಗುಂಡಿ ಒತ್ತಿದರೆ ಅದು ತಕ್ಷಣ ನಿಲ್ಲಬೇಕು. ಈಗ ನಿಲ್ಲುವುದಿಲ್ಲ, ಗುಂಡಿ ಒತ್ತಿದ ಮೇಲೂ ಅರ್ಧ ಸುತ್ತು ಉರುಳಿ ಆಮೇಲೆ ಸುಮ್ಮನಾಗುತ್ತದೆ. ವಿಭಾಗದವರು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದಾರೆ.

"ಸಾಕು ಅಂದ್ರೂ ಇನ್ನೊಂದು ಮಾತು ಆಡೇ ಸುಮ್ಮನಾಗೋದು ಅದು," ಎಂದು ನಗಲು ನೋಡಿದರು.

"ಅದನ್ನ ಸರಿ ಮಾಡಿಸಿದ್ರಾ?"

"ಹೇಗೆ ಮಾಡ್ಸೋದು ಕಣೇ? ಕೆಟ್ಟಿದೆ ಅಂತ ಹೇಳಿದ್ರೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ. ಆಗ ಬೆರಳು ತೋರಿಸ್ಬೇಕು. ಬಾವುಟ ಇಳಿಯುತ್ತೆ. ಈ ಸಲದ ಬಹುಮಾನ ಎಲ್ಲರ ಸಂಸಾರಕ್ಕೂ ಸಮುದ್ರದ ಪ್ರವಾಸ. ಮಕ್ಕಳು ಈಗ್ಲೇ ಟೋಪಿ ಹಾಕ್ಕೊಂಡು ಓಡಾಡ್ತಿವೆ. ಅವರ ಮುಖ ನಾನು ಹೇಗೆ ನೋಡ್ಲಿ?"

"ಈಗ ಆ ಮಷೀನಲ್ಲಿ ಯಾರಿದಾರೆ?"

"ನಾನೇ," ಅಂದರು. ಆ ಒಂದು ಮಾತಿನ ಅರ್ಥ ನಿಮಗೂ ಆಗಿರಬೇಕು. ಬಟ್ಟೆ ಸುತ್ತಿದ ಅದೇ ಕೈಯನ್ನು ನನ್ನ ಗಂಡ ದಿನವೂ ಅದೇ ಯಂತ್ರದ ಬಾಯಿಗೆ ಕೊಡುತ್ತಿದ್ದಾರೆ. ಮೊದಲು ಕಾಲು ಸುತ್ತು ಹೆಚ್ಚಿಗೆ ತಿರುಗುತ್ತಿತ್ತಂತೆ, ಈಗ ಅರ್ಧ. ಅದು ಕಲಿಯುತ್ತಿದೆ. ಎರಡು ಬೆರಳಿಗೆ ನಾವು ಬಾಗಿಲು ಹುಡುಕಿಕೊಟ್ಟೆವು. ಮೊಣಕೈವರೆಗೆ ಹೋದ ದಿನ ಯಾವ ಹೆಂಡತಿ ಯಾವ ಬಾಗಿಲು ಹುಡುಕಿಕೊಡಬೇಕು?

ಅಂದು ನಮ್ಮ ಮದುವೆಯ ಫೋಟೋಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಹಿಟ್ಟಿನ ವಿಭಾಗದವರೆಲ್ಲ ನಮ್ಮ ಹಿಂದೆ ಸಾಲಾಗಿ ನಿಂತಿದ್ದಾರೆ. ಅಷ್ಟು ಸೆಖೆಯಲ್ಲೂ ಒಬ್ಬರು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಬಿಟ್ಟಿದ್ದಾರೆ. ಇನ್ನೊಬ್ಬರು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡಿದ್ದಾರೆ. ಕೆರೆದಂಡೆಯ ಆ ಕೋಣೆಯ ಬಾಡಿಗೆ ನಿಜವಾಗಿ ಯಾರು ಕೊಟ್ಟಿದ್ದು ಎಂಬುದು ನನಗೆ ಆಗ ಹೊಳೆಯಿತು. ನಾನು ಅವರಿಗೆಲ್ಲ "ಥ್ಯಾಂಕ್ಯೂ, ಥ್ಯಾಂಕ್ಯೂ" ಎನ್ನುತ್ತ ಓಡಾಡಿದ್ದೆ.

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಕೋಪ ಮಾತ್ರ ಕನ್ನಡದಲ್ಲೇ ಬರುತ್ತದೆ. ಬಹುಮಾನದ ವಿರೋಧಿಯೂ ಅಲ್ಲ, ಒಂದು ನಕ್ಷತ್ರದ ಚೀಟಿಗಾಗಿ ಮಕ್ಕಳು ಏನೆಲ್ಲ ಮಾಡುತ್ತಾರೆಂದು ದಿನವೂ ನೋಡುವವಳು. ನಮ್ಮ ಶಾಲೆಯ ಪಕ್ಕದ ತರಗತಿಯಲ್ಲಿ ಸದ್ದು ಮಾಡದ ಬೆಂಚಿಗೆ ನಕ್ಷತ್ರ ಕೊಡುತ್ತಿದ್ದರು. ಒಂದು ಹುಡುಗಿ ಮೈ ಸುಡುವ ಜ್ವರದಲ್ಲಿ ಸಂಜೆಯವರೆಗೆ ತುಟಿಕಚ್ಚಿ ಕೂತಳು. ಬೆಂಚಿನವರು ಅವಳ ಕೈ ಹಿಡಿದುಕೊಂಡಿದ್ದರು, ಆದರೆ ಯಾರೂ ಟೀಚರನ್ನು ಕರೆಯಲಿಲ್ಲ. ಮೌನಕ್ಕೆ ಬೆಲೆ ಕಟ್ಟಿದರೆ ಮೌನವೇ ಸಿಗುತ್ತದೆ, ಸ್ವಾಮಿ. ಆ ಟೀಚರು ಮರುದಿನವೇ ನಕ್ಷತ್ರ ನಿಲ್ಲಿಸಿದರು. ನಿಮಗೆ ಎಷ್ಟು ದಿನ ಬೇಕು?

ಈ ಪತ್ರವನ್ನು ಗಂಡನಿಗೆ ಗೊತ್ತಿಲ್ಲದೆ ಬರೆದಿಲ್ಲ. ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. "ಬೀದಿಯಲ್ಲಿ ಯಾರೂ ನಿನ್ನ ಜೊತೆ ಮಾತಾಡಲ್ಲ, ಗೊತ್ತಲ್ವಾ?" ಅಂದರು. ಗೊತ್ತು ಅಂದೆ. "ಹಾಗಾದ್ರೆ ಕಳಿಸು. ನಾಳೆ ಆ ಮಷೀನ್ ಮುಂದೆ ನಾನು ನಿಲ್ಲಲ್ಲ, ಬೇರೆಯವರನ್ನೂ ನಿಲ್ಲೋಕೆ ಬಿಡಲ್ಲ."

ಆದ್ದರಿಂದ ನನ್ನ ಒತ್ತಾಯ ಇದು. ಇವತ್ತೇ ಆ ಯಂತ್ರದ ವಿದ್ಯುತ್ ತೆಗೆಸಿ, ರಿಪೇರಿಯಾಗುವವರೆಗೆ ಹಾಗೇ ಇರಲಿ. ಎಲ್ಲ ವಿಭಾಗಗಳ ಬಾವುಟಗಳನ್ನೂ ಇಳಿಸಿ. ಪೆಟ್ಟಾದವರು ಮೊದಲು ವೈದ್ಯರ ಹತ್ತಿರ ಹೋಗಲಿ, ಯಾರಿಂದ ಆಯಿತೆಂಬ ಕಥೆ ಕಟ್ಟುವ ಕೆಲಸ ಅವರಿಗೆ ಬೇಡ. ಕೆಟ್ಟದ್ದನ್ನು ಮೊದಲು ಹೇಳಿದವರಿಗೆ ಬಹುಮಾನ ಕೊಡಿ, ಬೇಕಾದರೆ ದೊಡ್ಡದಾಗಿಯೇ ಕೊಡಿ. ಆ ಸಮುದ್ರದ ಪ್ರವಾಸವನ್ನು ಮಾತ್ರ ರದ್ದು ಮಾಡಬೇಡಿ. ಅದರ ಬೆಲೆಯನ್ನು ಅವರು ಆಗಲೇ ತೆತ್ತಾಗಿದೆ.

ಈ ಕೆಲಸಗಳು ಆಗಿವೆಯೋ ಇಲ್ಲವೋ ಎಂದು ಗೇಟಿನಲ್ಲಿ ನಿಂತು ನಾನೇ ಕೇಳುತ್ತೇನೆ. ಉತ್ತರ ಸಿದ್ಧವಾಗಿಟ್ಟಿರಿ. ಗುರುವಾರ ಬರುತ್ತಿದ್ದೇನೆ, ಬೆಳಗಿನ ಪ್ಯಾಸೆಂಜರ್ ರೈಲಿಗೆ.

ಇಂತಿ,
ಇನ್ನೂ ಸಂಸಾರ ಹೂಡುವ ಮೊದಲೇ ನೆರೆಹೊರೆಯನ್ನು ಕಳೆದುಕೊಂಡ ಮದುಮಗಳು