ದಿಮ್ಮಿ ಉಸಿರು ಬಿಡುವುದಿಲ್ಲ

ಲಾಕ್ ನುವಾರ್ ದಂಡೆ, ಮೇನ್
ಸೆಪ್ಟೆಂಬರ್ ಕೊನೆಯ ಭಾನುವಾರ

ನನ್ನ ಸೊಲಾಂಜ್,

ಅಮ್ಮನ ಮುತ್ತು. ಲಕೋಟೆ ಭಾರವಾಗಿದೆಯಲ್ಲ, ಒಳಗೇನೋ ಬಟ್ಟೆಯ ಗಂಟಿದೆಯಲ್ಲ ಎಂದು ಅದಕ್ಕೆ ಮೊದಲು ಕೈ ಹಾಕಬೇಡ. ಕಾಗದ ಓದಿ ಮುಗಿಸು, ಆಮೇಲೆ ಗಂಟು ಬಿಚ್ಚು. ಕ್ರಿಸ್ಮಸ್ ಪೊಟ್ಟಣಗಳನ್ನು ಮೂಲೆಯಲ್ಲಿ ಹರಿದು ಇಣುಕುತ್ತಿದ್ದ ಹುಡುಗಿ ನೀನು. ಈ ಒಂದು ಸಲ ಅಮ್ಮ ಹೇಳಿದ ಹಾಗೆ ಮಾಡು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ನಿನ್ನಪ್ಪನ ಹೆಸರೆತ್ತಿದ ಕೂಡಲೇ ನಿನಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತದೆ. ಮೇ ತಿಂಗಳಿಂದ ನಿನ್ನ ಒಲೆಯ ಮೇಲೆ ಎಷ್ಟು ಸಾರು ಉಕ್ಕಿತೋ! ಕಾಗದವಾದರೆ ಮಧ್ಯದಲ್ಲಿ ಮಡಚಿಟ್ಟರೂ ಮತ್ತೆ ಬಿಚ್ಚಿ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಆ ದಿನದ್ದನ್ನು ನಾವಿಬ್ಬರೂ ಒಮ್ಮೆಯೂ ನೇರವಾಗಿ ಆಡಿಲ್ಲ. ಆಡಿಬಿಡೋಣ. ಮಂಜುಗಡ್ಡೆ ಒಡೆದು ನೀರು ತೆರೆದ ವಾರ. ಹಿಂದಿನ ಸಂಜೆ ನೀನು ಪೋರ್ಟ್‌ಲ್ಯಾಂಡಿನಿಂದ ಫೋನು ಮಾಡಿದ್ದೆ. ಬೆಳಗ್ಗೆ ನಿನ್ನಪ್ಪ ತನ್ನ ಕಿರುದೋಣಿ ಕಯಾಕ್ ಇಳಿಸಿಕೊಂಡು ಬೋಳು ಬಂಡೆಯ ಕಡೆಗೆ ಹೋದ. ಮಧ್ಯಾಹ್ನ ಕಯಾಕ್ ಬೋರಲು ತೇಲುತ್ತಿತ್ತು. ಗಾಳಿಯಿಲ್ಲ, ಅಲೆಯಿಲ್ಲ, ನೀರು ಕನ್ನಡಿಯ ಹಾಗಿತ್ತು. ದೋಣಿಯವರು ಬಂದರು, ಮುಳುಗು ಹಾಕಿ ಹುಡುಕುವವರು ಬಂದರು, ಹುಡುಕಿ ಹುಡುಕಿ ಹೋದರು. ನಮ್ಮ ಸರೋವರ ಆಳದ್ದು, ತಣ್ಣನೆಯದು. ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುವ ಅಭ್ಯಾಸ ಅದಕ್ಕಿಲ್ಲ.

ಆಮೇಲೆ ಅಂಗಡಿಯ ಮುಂದೆ ನಿನ್ನಪ್ಪನ ಬಗ್ಗೆ ಯಾರೋ ಅಂದದ್ದು ನಿನ್ನ ಕಿವಿಗೆ ಬಿತ್ತು. "ಲೆಯಾಂದ್ರನಂಥವನು ಕನ್ನಡಿ ನೀರಲ್ಲಿ ಬೀಳೋದುಂಟೇನ್ರೀ? ಬೀಳಬೇಕು ಅಂತಲೇ ಬಿದ್ದಿದಾನೆ." ನೀನು ನಮ್ಮ ಅಂಗಳಕ್ಕೆ ಬಂದು, ಕಾರಿನ ಬಾಗಿಲು ಹಿಡಿದು ನಿಂತು ಹೇಳಿದೆ: "ಅಮ್ಮಾ, ಆ ಸಂಜೆ ಫೋನಲ್ಲಿ ಅಪ್ಪನಿಗೆ, ಈ ವಯಸ್ಸಲ್ಲಿ ಒಬ್ಬನೇ ಹೋಗ್ತೀಯಲ್ಲ, ಹೋಗು, ಆ ನೀರಲ್ಲೇ ಸಾಯಿ ಅಂದೆ. ನಾನೇ ಅಂದೆ. ಅಪ್ಪ ನನ್ನ ಮಾತು ನಡೆಸಿಕೊಟ್ಟ." ಅಷ್ಟು ಹೇಳಿ ಹೊರಟವಳು ಮತ್ತೆ ಈ ಹೊಸ್ತಿಲು ತುಳಿದಿಲ್ಲ. ಇಗರ್ಜಿಯಲ್ಲಿ ಅವನ ಆತ್ಮಶಾಂತಿಗೆ ಬಲಿಪೂಜೆ ಇಡಿಸಲೇ ಎಂದು ಕೇಳಿದಾಗಲೆಲ್ಲ "ಯಾವ ಮುಖ ಹೊತ್ತು ಬರಲಮ್ಮ" ಎಂದೆ. ನಾನೂ ಪಾದ್ರಿಗಳಿಗೆ ಇನ್ನೂ ಸ್ವಲ್ಪ ತಡೆಯಿರಿ, ತಡೆಯಿರಿ ಎನ್ನುತ್ತ ಬೇಸಿಗೆ ಕಳೆದೆ.

ಬೇಸಿಗೆಯೆಲ್ಲ ನಾನು ಏನು ಮಾಡಿದೆ ಎಂಬುದನ್ನು ನೆರೆಮನೆಯ ಫರ್ನಾಂದ್ ನಿನಗೆ ಚಾಡಿ ಹೇಳಿದ್ದಾಳೆ. ಹೌದು, ಕಯಾಕಿನಲ್ಲಿ ಹೋದೆ. ಅದೇ ಕಯಾಕಿನಲ್ಲಿ. "ಅಮ್ಮಾ, ನಿನಗೂ ತಲೆ ಕೆಟ್ಟಿತಾ?" ಎಂದು ನೀನು ಕೂಗಿದಾಗ ಮೀನು ತಿನ್ನುವ ಆಸೆಯಾಯಿತು ಎಂದೆ. ನೀನು ನಂಬಲಿಲ್ಲ. ನಂಬದಿದ್ದುದೇ ಸರಿ, ನನಗೆ ಮೀನು ಸೇರುವುದಿಲ್ಲ ಎಂಬುದು ಇಡೀ ಊರಿಗೆ ಗೊತ್ತು. ಅವನು ಕೊನೆಗೆ ಕೂತಿದ್ದ ಜಾಗದಲ್ಲಿ ಕೂರಬೇಕೆನಿಸಿತು, ಅಷ್ಟೆ. ಆದರೆ ನೀರಿನ ಮೇಲೆ ಕೈಕಟ್ಟಿ ಕೂತ ಹೆಂಗಸನ್ನು ಜನ ಹುಚ್ಚಿ ಎನ್ನುತ್ತಾರೆ, ಗಾಳ ಹಿಡಿದು ಕೂತರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ಗಾಳ ಹಿಡಿದೆ.

ಕಲಿಸಿದವನು ಫರ್ನಾಂದಳ ಗಂಡ ಹರ್ವೆ. ನಿನ್ನಪ್ಪನ ಜೊತೆ ಜೀವಮಾನವೆಲ್ಲ ಮೀನು ಹಿಡಿದವನು, ಜೀವಮಾನವೆಲ್ಲ ಜಗಳವಾಡಿದವನು. ಆ ದಿನ ಸೊಂಟ ಹಿಡಿದು ಹಾಸಿಗೆಯಲ್ಲಿದ್ದನಲ್ಲ, ಅದಕ್ಕೆ ಈಗ ನನ್ನನ್ನು ಒಬ್ಬಳನ್ನೇ ಬಿಡುವುದಿಲ್ಲ. ತನ್ನ ಕಯಾಕನ್ನು ನನ್ನದಕ್ಕೆ ಒತ್ತಿ ತಂದು ನಿಲ್ಲಿಸುತ್ತಾನೆ. ಲೈಫ್ ಜಾಕೆಟ್ ತೊಟ್ಟಿದ್ದೇನೆಯೇ ಎಂದು ಕೊರಳ ಹತ್ತಿರ ಎಳೆದು ನೋಡುತ್ತಾನೆ. ತಾನು ಮಾತ್ರ ನಿನ್ನಪ್ಪನ ಹಾಗೆಯೇ, ಇಲ್ಲಿಯ ಎಲ್ಲ ಮುದುಕರ ಹಾಗೆಯೇ, ಅದನ್ನು ಕುಂಡಿಯ ಕೆಳಗೆ ಹಾಸಿಕೊಂಡು ಕೂರುತ್ತಿದ್ದ. "ನೀನು ತೊಡದೆ ನಾನು ತೊಡೋದಿಲ್ಲ" ಎಂದು ಹಟ ಹಿಡಿದ ಮೇಲೆ ತೊಟ್ಟ.

"ಏ ಹುಡುಗಿ, ಎಳೀಬೇಡ, ಎತ್ತು," ಎಂದು ಗದರುತ್ತಿದ್ದ. ಈ ವಯಸ್ಸಿನಲ್ಲಿ ನನ್ನನ್ನು ಹುಡುಗಿ ಎನ್ನುವವನು ಅವನೊಬ್ಬನೇ. "ಬಟ್ಟೆ ಒಗೆಯೋ ಕಲ್ಲಲ್ಲ ಅದು, ಜೀವ. ಇಪ್ಪತ್ತು ಮಾರು ಕೆಳಗಿಂದ ಒಂದೇ ಉಸಿರಿಗೆ ಎಳೆದ್ರೆ ಹೊಟ್ಟೆ ಉಬ್ಬಿ ಚೆಂಡಿನ ಹಾಗೆ ತೇಲುತ್ತೆ. ನಿಧಾನ ತಗೋ. ದಾರೀಲಿ ಉಸಿರು ಬಿಟ್ಕೊಂಡು ಬರಲಿ."

ನಿನಗೆ ಇದು ಹೊಸತಲ್ಲ. ಹೊರಗಿನವರು ಲೇಕ್ ಟ್ರೌಟ್ ಎನ್ನುವ ನಮ್ಮ ಟೋಗ್ ಮೇಲೆ ಬರುವ ಮುಂಚೆ ಅದರ ಗುಳ್ಳೆ ಬರುತ್ತದೆ. ಚಿಕ್ಕವಳಿದ್ದಾಗ ನೀನು ಅಪ್ಪನ ತೊಡೆಯ ಮೇಲೆ ಕೂತು "ಗುಳ್ಳೆ! ಗುಳ್ಳೆ!" ಎಂದು ದಂಡೆಗೆ ಕೇಳುವ ಹಾಗೆ ಕೂಗುತ್ತಿದ್ದೆ.

ಗುರುವಾರ ಬೆಳಗ್ಗೆ ಮಂಜು ಮುಸುಕಿತ್ತು. ಬೋಳು ಬಂಡೆಯ ಬುಡದಲ್ಲಿ, ನೀರು ಒಮ್ಮೆಗೇ ಪಾತಾಳಕ್ಕಿಳಿಯುವಲ್ಲಿ ನಿಂತಿದ್ದೆವು. ನನ್ನ ಗಾಳ ತಳ ಮುಟ್ಟಿತು, ಎತ್ತಿದೆ, ಬರಲಿಲ್ಲ. ಜಗ್ಗಾಟವಿಲ್ಲ, ಒದರಾಟವಿಲ್ಲ, ಬರೀ ಭಾರ.

"ದಿಮ್ಮಿ ಕಚ್ಚಿಕೊಂಡಿತು, ಹರ್ವೆ," ಎಂದೆ. ಹಿಂದೆ ಮರ ಕಡಿದು ನೀರಿನಲ್ಲಿ ತೇಲಿಬಿಡುತ್ತಿದ್ದ ಕಾಲದ ದಿಮ್ಮಿಗಳು ತಳದಲ್ಲಿ ಇನ್ನೂ ಮಲಗಿವೆಯಲ್ಲ. ನಮ್ಮ ಗಾಳಗಳಲ್ಲಿ ಅರ್ಧ ಅವುಗಳ ಪಾಲು.

ಬಾಯಲ್ಲಿ ದಿಮ್ಮಿ ಎಂದೆ. ಮನಸ್ಸಿನಲ್ಲಿ ಬೇರೆ ಬಂದಿತ್ತು, ಸೊಲಾಂಜ್. ಏನು ಬಂದಿತ್ತು ಎಂದು ಬರೆಯುವುದಿಲ್ಲ, ನಿನಗೆ ತಿಳಿಯುತ್ತದೆ. ಹರ್ವೆಗೂ ಅದೇ ಬಂದಿರಬೇಕು. "ದಾರ ಕುಯ್ದುಬಿಡ್ಲೇನೇ?" ಎಂದು ಮೆಲ್ಲಗೆ ಕೇಳಿದ. ಬೇಡ ಎಂದೆ. ಸುತ್ತತೊಡಗಿದೆ. ಸುತ್ತುತ್ತ ಸುತ್ತುತ್ತ ಮಾತೆ ಮರಿಯಳನ್ನು ನೆನೆದೆ. ಭಾರ ಸುಮ್ಮನೆ ಬರುತ್ತಿತ್ತು. ಹರ್ವೆ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ.

ಆಗ ನನ್ನ ಹುಟ್ಟಿನ ಪಕ್ಕ ಒಂದು ಗುಳ್ಳೆ ಎದ್ದಿತು. ಹಿಂದೆಯೇ ಒಂದು ಹಿಡಿ ಗುಳ್ಳೆ.

ಹರ್ವೆ ಮಗುವಿನ ಹಾಗೆ ಅತ್ತುಬಿಟ್ಟ. ಅಳುತ್ತಲೇ ಬೈದ: "ದಿಮ್ಮಿಯಂತೆ ದಿಮ್ಮಿ! ದಿಮ್ಮಿ ಉಸಿರು ಬಿಡುತ್ತೇನೇ, ಕತ್ತೆ?"

ಬಂದದ್ದು ಮುದಿ ಟೋಗ್. ನನ್ನ ತೋಳಿಗಿಂತ ಉದ್ದ, ಬೆನ್ನ ಮೇಲೆ ಹಾವಸೆಯ ಬಣ್ಣ. ಅದರ ಬಾಯಿಯ ಮೂಲೆಯಲ್ಲಿ ನನ್ನ ಗಾಳವಿತ್ತು. ಇನ್ನೊಂದು ಮೂಲೆಯಲ್ಲಿ ಬೇರೊಂದು ನೇತಾಡುತ್ತಿತ್ತು, ಕಪ್ಪಗಾದ ಬೆಳ್ಳಿಯದು. ಹಿಡಿಯನ್ನು ಗರಗಸದಲ್ಲಿ ಕತ್ತರಿಸಿ ತೆಗೆದ ಊಟದ ಚಮಚ.

ನಮ್ಮ ಮದುವೆಯ ಚಮಚಗಳ ಕಥೆ ನಿನಗೆ ಹೇಳಬೇಕೇ? ನನ್ನ ತವರಿನವರು ಕೊಟ್ಟದ್ದು, ಪ್ರತಿಯೊಂದರ ಬೆನ್ನಿಗೂ ಮಿಶೋ ಮನೆತನದ ಗುರುತು. ಅವುಗಳ ಹೊಳಪಿಗೆ ಬರುವಷ್ಟು ಟೋಗ್ ಬೇರೆ ಯಾವುದಕ್ಕೂ ಬಾರದು ಎಂದು ನಿನ್ನಪ್ಪ ಒಂದೊಂದಾಗಿ ಕದ್ದು ಗಾಳ ಮಾಡಿದ. ಕೊನೆಗೆ ನಮ್ಮ ಮನೆಯಲ್ಲಿ ಬಟಾಣಿ ಸಾರನ್ನು ಟೀ ಚಮಚದಲ್ಲಿ ಕುಡಿಯುವ ಗತಿ ಬಂತು. ನೀನು ಶಾಲೆಯಲ್ಲಿ "ನಮ್ಮ ಮನೆಯ ದೊಡ್ಡ ಚಮಚ ಎಲ್ಲ ಮೀನಿನ ಹೊಟ್ಟೇಲಿವೆ" ಎಂದು ಹೇಳಿ ಬಂದಿದ್ದೆ. ಉಳಿದಿದ್ದ ಕೊನೆಯದನ್ನು ಅವನು ಆ ವಸಂತದಲ್ಲಿ ಕತ್ತರಿಸಿದ್ದ. ಗರಗಸ ಜಾರಿ ಅದರ ಬೆನ್ನಿಗೆ ಬಿದ್ದ ಗೀರು ಇದರ ಬೆನ್ನಿಗೂ ಇತ್ತು. ಆ ದಿನದವರೆಗೆ ಅದನ್ನು ಒಂದು ಸಲವೂ ನೀರಿಗೆ ಬಿಟ್ಟಿರಲಿಲ್ಲ.

ಹರ್ವೆ ಆ ಚಮಚದ ತೂತಿನಲ್ಲಿದ್ದ ಗಂಟು ನೋಡಿದ. "ಲೆಯಾಂದ್ರನ ಗಂಟು," ಎಂದ. ಆಮೇಲೆ ಗಂಟಿನಿಂದ ಮುಂದೆ ಒಂದು ಗೇಣು ಉಳಿದಿದ್ದ ದಾರವನ್ನು ಬೆರಳ ಮೇಲೆ ಚಾಚಿ ಅದರ ತುದಿ ತೋರಿಸಿದ.

"ನೋಡು ಹುಡುಗಿ. ಹರಿದ ದಾರ ಹಂದಿ ಬಾಲದ ಹಾಗೆ ಸುರುಳಿ ಸುತ್ತಿರುತ್ತೆ. ಇದು ಚಾಕುವಿನಲ್ಲಿ ಕುಯ್ದದ್ದು. ಕೊಕ್ಕೆ ದವಡೆಗೆ ಆಳವಾಗಿ ನಾಟಿತ್ತು ಅಂತ ಕಾಣುತ್ತೆ. ಕೀಳೋಕೆ ಹೋದ್ರೆ ಸಾಯುತ್ತೆ ಅಂತ ಕುಯ್ದು ಬಿಟ್ಟಿದಾನೆ. ಗೇಣು ದೂರದಲ್ಲಿ ಕುಯ್ಯಬೇಕಾದ್ರೆ ಎಲ್ಲಿಗೆ ಬಗ್ಗಬೇಕು?"

ಎಲ್ಲಿಗೆ ಬಗ್ಗಬೇಕೆಂದು ನನಗೂ ಆಗ ಕಂಡಿತು. ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಬಾಲ, ಇಡೀ ಮೈ ಕಯಾಕಿನ ಅಂಚಿನಾಚೆ. ನಿನಗೂ ಅವನು ಹಾಗೆಯೇ ಕಲಿಸಿದ್ದಲ್ಲವೇ? "ಬಾಲ ಹಿಡ್ಕೋ ಮಗಳೇ, ತಳ್ಳಬೇಡ. ಅದೇ ಹೋಗ್ತೀನಿ ಅಂದಾಗ ಬಿಡು."

"ಸಾಯೋಕೆ ಹೋದವನು," ಎಂದ ಹರ್ವೆ ಮೂಗು ಒರೆಸಿಕೊಳ್ಳುತ್ತ, "ಮೀನಿನ ಜೀವ ಉಳಿಸ್ತಾ ಕೂರ್ತಾನೇನೇ?"

ಗಾಳದ ಕೊಕ್ಕೆ ತುಕ್ಕು ತಿಂದಿತ್ತು, ತಿರುಚಿದ ಕೂಡಲೇ ಮುರಿಯಿತು. ಚಮಚ ನನ್ನ ಕೈಗೆ ಬಂತು. ನಾನೂ ಬಾಲ ಹಿಡಿದು ಬಗ್ಗಿದೆ. ಕಯಾಕ್ ವಾಲಿತು, ನೀರು ಅಂಚಿಗೆ ಬಂತು. ಹರ್ವೆ ಆ ಕಡೆಯಿಂದ ನನ್ನ ಕಯಾಕನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದ. ಮೀನು ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ನನ್ನ ಮುಷ್ಟಿಯೊಳಗೆ ಬಾಲ ಒಮ್ಮೆ ಆಡಿತು. ಬಿಟ್ಟೆ. ಕೆಳಗೆ, ಅವನಿರುವ ಕಡೆಗೆ ಹೋಯಿತು.

ನೀನು ಹೇಳಿದ್ದು ತಪ್ಪಲ್ಲ, ಮಗಳೇ. ಒಬ್ಬನೇ ಹೋಗಬಾರದಿತ್ತು. ಆ ದಿನ ಅವನ ಕಯಾಕನ್ನು ಆ ಕಡೆಯಿಂದ ಹಿಡಿಯುವ ಕೈ ಇರಲಿಲ್ಲ. ನಡೆದದ್ದು ಇಷ್ಟೇ. ಇದರಲ್ಲಿ ನಿನ್ನ ಮಾತಿನ ಪಾಲು ಎಳ್ಳಷ್ಟೂ ಇಲ್ಲ.

ಗುರುವಾರ ಸಂಜೆಯೇ ಪಾದ್ರಿಗಳ ಮನೆಗೆ ಹೋಗಿ ಬಲಿಪೂಜೆಗೆ ದಿನ ಗೊತ್ತು ಮಾಡಿದೆ. ಬರುವ ಶನಿವಾರ ಬೆಳಗ್ಗೆ. ಪೂಜೆ ಮುಗಿದ ಮೇಲೆ ಹರ್ವೆ ಎರಡೂ ಕಯಾಕ್ ಜೋಡಿಸಿ ಕಟ್ಟುತ್ತಾನೆ, ಬೋಳು ಬಂಡೆಯವರೆಗೆ ಹೋಗಿ ಹೂ ಬಿಡೋಣ. ನಿನ್ನ ಅಳತೆಯ ಜಾಕೆಟ್ ಇಟ್ಟಿದ್ದೇನೆ. ಬಟಾಣಿ ಸಾರು, ಪ್ಲೋಯ್ ದೋಸೆ ಮಾಡುತ್ತೇನೆ. ಅಂಗಡಿಯ ಮುಂದೆ ಮಾತಾಡಿದವರನ್ನೂ ಊಟಕ್ಕೆ ಕರೆದಿದ್ದೇನೆ. ಬಟ್ಟೆಯ ಗಂಟಿನಲ್ಲಿರುವುದನ್ನು ಬರುವಾಗ ಜೊತೆಗೆ ತಾ, ಆ ದಾರದ ತುದಿಯನ್ನು ಹರ್ವೆ ಒಬ್ಬೊಬ್ಬರ ಮೂಗಿನ ಕೆಳಗೂ ಹಿಡಿಯುತ್ತಾನಂತೆ. ಹಿಡಿಯಲಿ.

ಬಾ.

ಬಾಗಿಲು ತೆರೆದಿಟ್ಟಿರುವ
ನಿನ್ನ ಅಮ್ಮ,
ಓದೀಲ್

ಮಡಚುವ ಮುಂಚೆ ಇನ್ನೊಂದು. ನೀನು ಅಂಗಳದಲ್ಲಿ ನಿಂತು ಆ ಮಾತು ಹೇಳಿದಾಗ ಅದು ನನಗೆ ಆಗಲೇ ಗೊತ್ತಿತ್ತು. ಆ ಸಂಜೆ ಫೋನಿಟ್ಟವನೇ ನಿನ್ನಪ್ಪ ಅಡುಗೆಮನೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ನಿನ್ನದೇ ದನಿಯಲ್ಲಿ "ಹೋಗು, ಆ ನೀರಲ್ಲೇ ಸಾಯಿ" ಎಂದು ಮಾಡಿ ತೋರಿಸಿದ. "ಥೇಟ್ ನಮ್ಮಮ್ಮ ಕಣೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು, ಆ ಕೊನೆಯ ಚಮಚವನ್ನು ನನ್ನ ಎದುರಿಗೇ ದಾರಕ್ಕೆ ಕಟ್ಟುತ್ತ, "ನಾಳೆ ದೊಡ್ಡದೊಂದು ಹಿಡಿದು ಅವಳಿಗೆ ಫೋಟೋ ಕಳಿಸ್ತೀನಿ, ಹೊಟ್ಟೆ ಉರ್ಕೊಳ್ಳಲಿ" ಅಂದ. ಮೇ ತಿಂಗಳಲ್ಲೇ ಇದನ್ನು ಹೇಳಿದ್ದರೆ ಅಮ್ಮ ಸಮಾಧಾನಕ್ಕೆ ಕಥೆ ಕಟ್ಟುತ್ತಾಳೆ ಅನ್ನುತ್ತಿದ್ದೆ. ಅವನ ನಗುವಿಗೆ ನನ್ನ ಬಳಿ ಸಾಕ್ಷಿಯಿರಲಿಲ್ಲ.

ಈಗ ಗಂಟು ಬಿಚ್ಚು.