ಹೊಟ್ಟೆಗೆ ಬಿಡದ ಕಿಟಕಿ

ಮಾರ್ಚ್ 11, ಬೆಳಿಗ್ಗೆ

ಪ್ಲಾಸ್ಟರ್ ರೂಮು. ಬಕೆಟ್ಟಿಗೆ ಬಿಸಿನೀರು ಹಾಕಿದ್ದಷ್ಟೇ, ಮತ್ತೊಂದು ಮಗು. ಈ ವಾರ ಮುರಿದ ಮೂರನೇ ತೊಡೆಮೂಳೆ. ಮೂರೂ ಕಾರು ಅಪಘಾತ. ಮಗುವನ್ನು ಸ್ಟೀರಿಂಗ್ ಮುಂದೆ ಕೂರಿಸಿಕೊಂಡು ಓಡಿಸುತ್ತಾರಂತೆ, ಮುದ್ದಿಗೆ. ಥೂ. ಎದೆಯಿಂದ ಕಾಲ್ಬೆರಳಿನವರೆಗೆ ಪ್ಲಾಸ್ಟರ್ ಕಟ್ಟಿದೆ. ಹೊಟ್ಟೆಯ ಮೇಲೆ ಅಂಗೈಯಗಲ ಕೊಯ್ದು ತೆಗೆದೆ — ಉಂಡರೆ ಉಬ್ಬಲು ಜಾಗ ಬೇಕಲ್ಲ. ಅದಕ್ಕೆ ನಾವು ಕಿಟಕಿ ಅನ್ನುತ್ತೇವೆ.

ಅದೇ ದಿನ, ಮಧ್ಯಾಹ್ನ 3

ನಾಲ್ಕನೆಯದು ನಮ್ಮ ಮನೆಯದೇ. ಅಕ್ಕನ ಮಗಳು, ಐದು ವರ್ಷ. "ಮೆಟ್ಟಿಲಿಂದ ಬಿದ್ಲು" ಎಂದರು ಭಾವ. ಡಾಕ್ಟರೂ ಹಾಗೇ ಬರೆದರು. ತೊಡೆಯದಷ್ಟೇ ಎಕ್ಸ್‌ರೇ. ಅರಿವಳಿಕೆ ಕೊಟ್ಟು ಟೇಬಲ್ಲಿಗೆ ತಂದರು. ಫ್ರಾಕ್ ಎತ್ತಿದೆ. ಹೊಟ್ಟೆಗೆ ಅಡ್ಡಲಾಗಿ ನೀಲಿ ಪಟ್ಟಿ, ಸೀಟ್‌ಬೆಲ್ಟಿನಷ್ಟೇ ಅಗಲ. ಯಾವ ಮೆಟ್ಟಿಲಿಗೆ ಬೆಲ್ಟ್ ಇರುತ್ತೆ?

ಬಾಗಿಲಾಚೆ ಹೋಗಿ ಭಾವನನ್ನು ಕೇಳಿದೆ.

"ಫೋನ್ ನೋಡ್ತಿದ್ದೆ, ಒಂದೇ ಸೆಕೆಂಡು. ಕಂಬಕ್ಕೆ ತಾಗ್ತು. ಸ್ಕೂಲ್ ವ್ಯಾನ್ ಓಡ್ಸೋನು ಕಣಮ್ಮ ನಾನು, ಲೈಸೆನ್ಸ್ ಹೋದ್ರೆ ಮುಗೀತು."

ಹೇಳುವಾಗಲೂ ಕಣ್ಣು ಫೋನಿನ ಮೇಲೇ. ಇನ್ನು ಈ ಡೈರಿಯಲ್ಲಿ ಭಾವನಿಗೆ ಬಹುವಚನ ಇಲ್ಲ. ಎಂದರು ಅಲ್ಲ, ಎಂದ.

ಅಕ್ಕ ಕೈ ಹಿಡಿದಳು. "ನಿನ್ ದಮ್ಮಯ್ಯ ಕಣೇ, ಬಾಯಿ ಬಿಡ್ಬೇಡ."

ಕಟ್ಟಿದೆ. ಕಿಟಕಿ ಬಿಟ್ಟರೆ ಪಟ್ಟಿ ಕಾಣುತ್ತದೆ. ಬಿಡಲಿಲ್ಲ. ಡಾಕ್ಟರು ಬಾಗಿಲಿಂದಲೇ ನೋಡಿ ಸಹಿ ಹಾಕಿದರು.

ಮಾರ್ಚ್ 12

ರಜೆ ಹಾಕಿದೆ. ಕೈ ಎಷ್ಟು ತೊಳೆದರೂ ಉಗುರಲ್ಲಿ ಬಿಳಿ ಹಿಟ್ಟು. ಅಸಹ್ಯ.

ಮಾರ್ಚ್ 13, ಸಂಜೆ

ಬೆಳಿಗ್ಗೆ ವಾರ್ಡಿಗೆ ಹೋದರೆ ಮಗುವಿಗೆ ಹಸಿರು ವಾಂತಿ. "ಚಿಕ್ಕಿ, ಹೊಟ್ಟೆ ಬಿಗಿ." ಭಾವ "ಗ್ಯಾಸು" ಎಂದ. ಎಂಥ ಬಾಯಿ ಅದು! ನನ್ನದೇನು ಕಮ್ಮಿ?

ಪ್ಲಾಸ್ಟರ್ ಕೊಯ್ಯುವ ಮೆಷಿನ್ ತಂದೆ. ಅಡ್ಡ ಬಂದ.

"ಸರೀರಿ. ಇಲ್ಲಾ ನಿಮ್ಮನ್ನೇ ಕೊಯ್ತೀನಿ."

ಕಿಟಕಿ ಕೊಯ್ದೆ. ಪಟ್ಟಿ ಕಪ್ಪಾಗಿತ್ತು. ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಡಾಕ್ಟರಿಗೆ ಕೂಗಿ ಹೇಳಿದೆ — "ಮೆಟ್ಟಿಲಲ್ಲ ಸಾರ್, ಕಾರು. ಗೊತ್ತಿದ್ದೂ ಮುಚ್ಚಿದ್ದು ನಾನು."

ಕರುಳು ಹರಿದಿತ್ತಂತೆ. ಆಪರೇಷನ್ ಇನ್ನೂ ಮುಗಿದಿಲ್ಲ.

ಮಾರ್ಚ್ 19

ಉಳಿದಳು. ಭಾವನ ಮೇಲೆ ಕೇಸು. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನಗೆ ನೋಟಿಸು — ಪ್ಲಾಸ್ಟರ್ ರೂಮಿಗೆ ಕಾಲಿಡಬಾರದು. ಸರಿಯಾಗೇ ಇದೆ.

ಮಗುವನ್ನು ನೋಡಲು ಹೋದೆ. ಮಲಗಿದಲ್ಲಿಂದಲೇ ವಾರ್ಡಿನ ಮಕ್ಕಳನ್ನೆಲ್ಲ ವಿಚಾರಿಸಿಕೊಂಡಿದ್ದಾಳೆ. "ಚಿಕ್ಕಿ, ಅವ್ರಿಗೆಲ್ಲ ಮೊದ್ಲೇ ಕಿಟಕಿ ಇತ್ತಂತೆ. ನಂಗ್ಯಾಕೆ ಬಿಡ್ಲಿಲ್ಲ?"

ನಾಳೆ ಹೇಳಬೇಕು. ನಿಮ್ಮಪ್ಪ ಹೇಳಿದ್ದಕ್ಕೆ... ಅಲ್ಲ. ನಿಮ್ಮಮ್ಮ ಅತ್ತಿದ್ದಕ್ಕೆ... ಅದೂ ಅಲ್ಲ. ಕಂದಾ, ನಾನು—